ಠಸ್ಸೆಗೆ ಎಷ್ಟು ಸಂಬಳ?

ಪ್ರತಿ ಭಾನುವಾರ ಬೆಳಗ್ಗೆ ಎಂಟು ಗಂಟೆಗೆ ಅಮೆರಿಕ ನಮ್ಮ ಮನೆಗೆ ಬರುತ್ತದೆ. ಹಿಂದಿನ ಬೀದಿಯಲ್ಲೇ ವಾಸವಾಗಿರುವ ನನ್ನ ಮಾವನವರು ಅಷ್ಟು ಹೊತ್ತಿಗೆ ಸ್ನಾನ ಮುಗಿಸಿ, ಹಣೆಗೆ ಗಂಧವಿಟ್ಟು ಬಂದು, ಪಂಚೆಯ ಅಂಚಿನಿಂದ ಕನ್ನಡಕ ಒರಸುತ್ತ ನಡುಮನೆಯ ಕುರ್ಚಿಯಲ್ಲಿ ಸಿದ್ಧರಾಗಿರುತ್ತಾರೆ. ಅತ್ತೆಯವರು ಅವರ ಹಿಂದೆ ನಿಲ್ಲುತ್ತಾರೆ. ಎಷ್ಟು ಹೇಳಿದರೂ ಕುಳಿತುಕೊಳ್ಳುವುದಿಲ್ಲ. ನನ್ನಾಕೆ ದೂರವಾಣಿಯನ್ನು ಸಕ್ಕರೆಯ ಡಬ್ಬಿಗೆ ಒರಗಿಸಿ ನಿಲ್ಲಿಸುತ್ತಾಳೆ. ಟೆಕ್ಸಾಸಿನಲ್ಲಿ ಆಗ ಶನಿವಾರದ ರಾತ್ರಿ. ಡಬ್ಬಿಯ ಮುಂದೆ ನನ್ನ ಭಾವಮೈದುನನ ಮುಖ ಮೂಡುತ್ತದೆ. ಊಟ, ನೆಗಡಿ, ಅಲ್ಲಿಯ ಬಿಸಿಲು, ಇಲ್ಲಿಯ ಮಳೆ ಎಲ್ಲವೂ ಮುಗಿದ ಮೇಲೆ ಮಾವನವರು ಗಂಟಲು ಸರಿಪಡಿಸಿಕೊಂಡು ತಮ್ಮ ಪ್ರಶ್ನೆಯನ್ನು ಕೇಳುತ್ತಾರೆ.

"ಸಂಬಳ ಏನಾದರೂ ಹೆಚ್ಚಾಯಿತೇನೋ?"

ಇದರಿಂದ ಅವರನ್ನು ಆಸೆಬುರುಕರೆಂದು ಯಾರೂ ತಿಳಿಯಬಾರದು. ಮಗನಿಂದ ಒಂದು ಕಾಸನ್ನೂ ಅವರು ಕೇಳಿದವರಲ್ಲ. ಸರ್ಕಾರದ ಒಂದು ಇಲಾಖೆಯಲ್ಲಿ ಮೂವತ್ತನಾಲ್ಕು ವರ್ಷ ಇಂಜಿನಿಯರಾಗಿ ಮೋರಿ, ಸೇತುವೆ, ರಸ್ತೆಗಳನ್ನು ಮಾಡಿಸಿ ನಿವೃತ್ತರಾದವರು. ಯಾವ ವರ್ಷ ಯಾವ ದರ್ಜೆಗೆ ಏರಿದರು, ಆಗ ಮೂಲವೇತನ ಎಷ್ಟಿತ್ತು, ತುಟ್ಟಿಭತ್ಯೆ ಎಷ್ಟಿತ್ತು ಎಂಬುದು ಅವರಿಗೆ ಬಾಯಿಪಾಠ. ಮಗನ ದೂರದ ಬಾಳಿನಲ್ಲಿ ಅವರಿಗೆ ಗುರುತು ಹತ್ತುವ ಅಂಕಿ ಇದೊಂದೇ. ಅದನ್ನು ಹಿಡಿದುಕೊಂಡು ಅವನ ಕೈ ಹಿಡಿದಂತೆ ಸಮಾಧಾನಪಡುತ್ತಾರೆ.

2018ರ ಕೊನೆಯಲ್ಲಿ ಒಂದು ಭಾನುವಾರ ಭಾವಮೈದುನ, ತಾನು ಇನ್ನೊಂದು ಪರೀಕ್ಷೆಗೆ ಕೂರುವುದಾಗಿ ತಿಳಿಸಿದ.

"ಬಿ.ಇ. ಆಯಿತು, ಎಂ.ಎಸ್. ಆಯಿತು. ಇನ್ನೂ ಏನು ಪರೀಕ್ಷೆಯಪ್ಪಾ?" ಎಂದು ಅತ್ತೆಯವರು ಮರುಗಿದರು.

"ಅದು ಪಾಸಾದರೆ ಸಂಬಳ ಎಷ್ಟು ಹೆಚ್ಚುತ್ತದೆ?" ಎಂದರು ಮಾವನವರು.

ಅವನು ತಡವರಿಸಿದ. "ಹೇಳಲಿಕ್ಕಾಗುವುದಿಲ್ಲ ಅಪ್ಪ. ಹೆಚ್ಚಬಹುದು, ಹೆಚ್ಚದೆಯೂ ಇರಬಹುದು" ಎಂದ. ಮಾವನವರ ಮುಖ ನೋಡಬೇಕಾಗಿತ್ತು! ಹೆಚ್ಚುವುದೋ ಇಲ್ಲವೋ ತಿಳಿಯದೆ ಪರೀಕ್ಷೆಗೆ ಕೂರುವವನನ್ನು ಅವರು ಅದೇ ಮೊದಲು ಕಂಡದ್ದು.

ಅವನು ವಿವರಿಸಿದ್ದು ಇಷ್ಟು. ಆ ದೇಶದಲ್ಲಿ ಇಂಜಿನಿಯರಿಂಗ್ ಪದವಿ ಇದ್ದ ಮಾತ್ರಕ್ಕೆ ಜನರ ಬಳಕೆಗೆ ಬರುವ ಕಟ್ಟಡ, ಸೇತುವೆಗಳ ನಕ್ಷೆಗೆ ಹೊಣೆಗಾರನಾಗಿ ಸಹಿ ಹಾಕುವಂತಿಲ್ಲ. ಮೊದಲು ಮೂಲತತ್ತ್ವಗಳ ಪರೀಕ್ಷೆ, 110 ಪ್ರಶ್ನೆಗಳು. ಅದರ ಮೇಲೆ ಸಾಮಾನ್ಯವಾಗಿ ನಾಲ್ಕು ವರ್ಷದ ಅನುಭವ, ಅದೂ ಲೈಸೆನ್ಸು ಪಡೆದ ಹಿರಿಯರು ಪ್ರಮಾಣೀಕರಿಸಬೇಕು. ಆಮೇಲೆ ಎಂಟು ಗಂಟೆಗಳ ದೊಡ್ಡ ಪರೀಕ್ಷೆ, 80 ಪ್ರಶ್ನೆಗಳು. ಇಷ್ಟೆಲ್ಲ ದಾಟಿದವನು ಹೆಸರಿನ ಮುಂದೆ ಪಿ.ಇ., ಎಂದರೆ ಪ್ರೊಫೆಷನಲ್ ಇಂಜಿನಿಯರ್, ಎಂದು ಬರೆದುಕೊಳ್ಳಬಹುದು; ತನ್ನ ಹೆಸರಿನ ಒಂದು ಠಸ್ಸೆಯನ್ನು ಇಟ್ಟುಕೊಳ್ಳಬಹುದು. ಲೈಸೆನ್ಸು ಕೊಡುವುದು ಆಯಾ ರಾಜ್ಯ. ಟೆಕ್ಸಾಸಿನ ಠಸ್ಸೆ ಪಕ್ಕದ ಒಕ್ಲಹಾಮದಲ್ಲಿ ನಡೆಯದು; ಅಲ್ಲಿಗೆ ಬೇರೆ ಅರ್ಜಿ ಹಾಕಬೇಕು. ಕರ್ನಾಟಕದ ಲೈಸೆನ್ಸು ಅತ್ತಿಬೆಲೆಯವರೆಗೆ ಮಾತ್ರ, ಹೊಸೂರಿನಲ್ಲಿ ನಡೆಯದು ಎಂದಂತೆ.

ಈ ವ್ಯವಹಾರದಲ್ಲಿ ನನ್ನ ಪಾಲೂ ಸ್ವಲ್ಪ ಇದೆ. ಇಲ್ಲಿಯ ಬಿ.ಇ. ಪದವಿಯನ್ನು ಅಲ್ಲಿಯವರು ತೂಗಿ ನೋಡಲು, ಅಂಕಪಟ್ಟಿಗಳನ್ನು ವಿಶ್ವವಿದ್ಯಾನಿಲಯವೇ ನೇರವಾಗಿ ಕಳುಹಿಸಬೇಕಾಗಿತ್ತು. ಆ ಕೆಲಸ ನನ್ನ ತಲೆಗೆ ಬಂತು. ಯಾವ ವಿಶ್ವವಿದ್ಯಾನಿಲಯವೆಂಬುದು ಬೇಡ. ಮೊದಲನೆಯ ಸಲ ಹೋದಾಗ ಸಂಬಂಧಪಟ್ಟ ಗುಮಾಸ್ತರು ರಜೆಯಲ್ಲಿದ್ದರು. ಎರಡನೆಯ ಸಲ ಗುಮಾಸ್ತರಿದ್ದರು, ಅರಗು ಇರಲಿಲ್ಲ. ಮೂರನೆಯ ಸಲ ಅರಗನ್ನು ನಾನೇ ಅಂಗಡಿಯಿಂದ ಕೊಂಡು ಒಯ್ದೆ. ಮೇಣದ ಬತ್ತಿಯ ಉರಿಯಲ್ಲಿ ಅರಗನ್ನು ಕರಗಿಸಿ ಲಕೋಟೆಯ ಮೇಲೆ ಹಿತ್ತಾಳೆಯ ಮುದ್ರೆಯನ್ನು ಒತ್ತಿದಾಗ, ಗುಮಾಸ್ತರ ಮುಖದಲ್ಲಿ ಅಪೂರ್ವವಾದೊಂದು ಗಾಂಭೀರ್ಯ ಮೂಡಿತು. ಅಷ್ಟು ಹೊತ್ತೂ ಹರಟುತ್ತಿದ್ದವರು ಆ ಒಂದು ಕ್ಷಣ ಮೌನವಾದರು.

ನಾನು ಕನ್ನಡ ಎಂ.ಎ. ಮಾಡಿದವನು. ಮೋರಿಗೂ ನನಗೂ ಇರುವ ಸಂಬಂಧ ಮಳೆಗಾಲದಲ್ಲಿ ಅದನ್ನು ದಾಟುವಷ್ಟೇ. ಆದರೂ ಸಂಬಳ ಹೆಚ್ಚಿಸುವುದೋ ಇಲ್ಲವೋ ತಿಳಿಯದ ಪರೀಕ್ಷೆ ನನಗೆ ಹೊಸದಲ್ಲ. ಅತಿಥಿ ಉಪನ್ಯಾಸಕನಾಗಿದ್ದಾಗ ನಾನೂ ಅಧ್ಯಾಪಕರ ರಾಷ್ಟ್ರೀಯ ಅರ್ಹತಾ ಪರೀಕ್ಷೆಗೆ ಕೂತವನು. ತೇರ್ಗಡೆಯಾದ ತಿಂಗಳು ಸಿಹಿ ಹಂಚಿದೆ. ಮರುತಿಂಗಳ ಸಂಬಳ ನೋಡಿದರೆ ಎಷ್ಟಿತ್ತೋ ಅಷ್ಟೇ. ಆ ಪ್ರಮಾಣಪತ್ರದಿಂದ ನನಗೆ ತಕ್ಷಣ ದೊರೆತ ಲಾಭವೆಂದರೆ, ಹೆಣ್ಣು ಕೊಡಲು ಹಿಂದೆಮುಂದೆ ನೋಡುತ್ತಿದ್ದ ಇದೇ ಮಾವನವರು ಒಪ್ಪಿಕೊಂಡದ್ದು. ಮೂರು ವರ್ಷದ ಮೇಲೆ ಖಾಯಂ ಹುದ್ದೆಗೆ ಅರ್ಜಿ ಕರೆದಾಗಲೇ ಆ ಕಾಗದಕ್ಕೆ ಜೀವ ಬಂದದ್ದು. ಅದು ಇಲ್ಲದವರ ಅರ್ಜಿ ಮೇಜನ್ನೇ ಮುಟ್ಟಲಿಲ್ಲ.

2019ರ ಏಪ್ರಿಲಿನಲ್ಲಿ ಭಾವಮೈದುನ ಪರೀಕ್ಷೆ ಬರೆದ. ಆಗಿನ್ನೂ ಅದು ಕಾಗದ ಪೆನ್ಸಿಲಿನ ಪರೀಕ್ಷೆ. ಬೆಳಗ್ಗೆ ನಾಲ್ಕು ಗಂಟೆ, ಮಧ್ಯಾಹ್ನ ನಾಲ್ಕು ಗಂಟೆ. ಪುಸ್ತಕ ನೋಡಿಕೊಂಡೇ ಬರೆಯಬಹುದಾಗಿತ್ತು. ನನ್ನ ವಿದ್ಯಾರ್ಥಿಗಳು ಕೇಳಿದರೆ ಸ್ವರ್ಗವೆಂದಾರು! ಆದರೆ ಅವನ ವರ್ಣನೆಯ ಪ್ರಕಾರ ಅಭ್ಯರ್ಥಿಗಳು ಗಾಲಿಯ ಪೆಟ್ಟಿಗೆಗಳಲ್ಲಿ ಪುಸ್ತಕ ತುಂಬಿಕೊಂಡು, ರೈಲು ಹತ್ತುವವರಂತೆ ಎಳೆದುಕೊಂಡು ಬಂದಿದ್ದರಂತೆ. ಇವನೂ ಒಂದು ಪೆಟ್ಟಿಗೆ ಎಳೆದಿದ್ದ. ಯಾವ ಸೂತ್ರ ಯಾವ ಪುಸ್ತಕದಲ್ಲಿದೆ ಎಂದು ಹುಡುಕುವುದರಲ್ಲಿಯೇ ವೇಳೆ ಕಳೆಯಿತು. ಹುಡುಗ ನಪಾಸಾದ.

ನಮ್ಮ ಮನೆಯಲ್ಲಿ ಆ ಮಾತನ್ನು ಯಾರೂ ಗಟ್ಟಿಯಾಗಿ ಆಡಲಿಲ್ಲ. ಎರಡು ಭಾನುವಾರ ಅವನು ಕರೆಯನ್ನೇ ಮಾಡಲಿಲ್ಲ. ಮೂರನೆಯ ಭಾನುವಾರ ಮಾವನವರು ಸಂಬಳದ ಪ್ರಶ್ನೆಯನ್ನು ಕೇಳಲಿಲ್ಲ. 2020ರ ಏಪ್ರಿಲಿನ ಪರೀಕ್ಷೆಯನ್ನು ಮಹಾಮಾರಿ ನುಂಗಿತು. ಅನಂತರ ಅವನಿಗೆ ಮದುವೆಯಾಯಿತು, ಕೆಲಸ ಹೆಚ್ಚಾಯಿತು. ಪೆಟ್ಟಿಗೆ ಅಟ್ಟ ಸೇರಿತು.

ಆ ದಿನಗಳಲ್ಲಿ ಅವನು ನನಗೊಬ್ಬನಿಗೇ ಕರೆ ಮಾಡಿ, "ಭಾವ, ಮತ್ತೆ ಬರೆಯಲೋ ಬಿಡಲೋ? ಬರೆದರೆ ಗಿಟ್ಟುವುದೇ?" ಎಂದು ಕೇಳುತ್ತಿದ್ದ. ನಾನು ಮೇಷ್ಟ್ರು, ಕೇಳಿದ್ದಕ್ಕೆ ಉತ್ತರ ಗೊತ್ತಿಲ್ಲವೆನ್ನುವುದು ನಮ್ಮ ಜಾತಿಗೆ ಒಗ್ಗದು. ಕುಳಿತು ಓದಿದೆ.

ಲೈಸೆನ್ಸುಳ್ಳವರ ಸಂಬಳ ಇಲ್ಲದವರಿಗಿಂತ ಹೆಚ್ಚೆಂದು ಅಲ್ಲಿಯ ಇಂಜಿನಿಯರುಗಳ ಸಂಘಗಳು ನಡೆಸುವ ಸಮೀಕ್ಷೆಗಳು ಹೇಳುತ್ತವೆ. ಹೇಳದೆ ಏನು? ನಮ್ಮ ಕಾಲೇಜಿನಲ್ಲಿಯೂ ಕನ್ನಡಕ ಹಾಕಿಕೊಂಡ ಅಧ್ಯಾಪಕರ ಸಂಬಳ ಹಾಕಿಕೊಳ್ಳದವರಿಗಿಂತ ಹೆಚ್ಚು. ಹಾಗೆಂದು ನಾಳೆ ನಾನು ಕನ್ನಡಕ ಕೊಂಡರೆ ಪ್ರಾಂಶುಪಾಲರು ಬಡ್ತಿ ಕೊಡುವುದಿಲ್ಲ. ಕನ್ನಡಕ ಬರುವ ವಯಸ್ಸಿಗೆ ಬಡ್ತಿಯೂ ಬಂದಿರುತ್ತದೆ, ಅಷ್ಟೆ. ನಾಲ್ಕು ವರ್ಷ ದುಡಿಯದೆ ಠಸ್ಸೆ ಸಿಗದು. ಮೂವತ್ತು ವರ್ಷ ದುಡಿದವರೂ ಠಸ್ಸೆಯವರ ಸಾಲಿನಲ್ಲೇ ಸೇರಿರುತ್ತಾರೆ. ಸಂಬಳ ಹೆಚ್ಚಿದ್ದು ಠಸ್ಸೆಯಿಂದಲೋ, ನರೆಗೂದಲಿನಿಂದಲೋ?

ಇನ್ನೊಂದು ಸಂಗತಿ. ಇವನ ಜೊತೆ ಒಂದೇ ಕೊಠಡಿಯಲ್ಲಿದ್ದು ಓದಿದ ಗೆಳೆಯನೊಬ್ಬ ಅದೇ ಊರಿನಲ್ಲಿ ಗಣಕಯಂತ್ರಗಳ ತಂತ್ರಾಂಶ ಬರೆಯುತ್ತಾನೆ. ಯಾವ ಲೈಸೆನ್ಸೂ ಇಲ್ಲ. ಸಂಬಳ ಇವನದಕ್ಕಿಂತ ಎಷ್ಟೋ ಮೇಲು. ತಂತ್ರಾಂಶದವರಿಗೂ ಲೈಸೆನ್ಸು ಬೇಕೆಂದು 1998ರಲ್ಲಿ ಮೊದಲು ಬಾಗಿಲು ತೆರೆದದ್ದು ಇದೇ ಟೆಕ್ಸಾಸ್. 2013ರಲ್ಲಿ ಅದಕ್ಕಾಗಿ ಬೇರೆಯೇ ಒಂದು ಪರೀಕ್ಷೆ ಆರಂಭವಾಯಿತು. 2019ರಲ್ಲಿ ನಿಂತುಹೋಯಿತು. ಇಡೀ ದೇಶದಲ್ಲಿ ಅಷ್ಟು ವರ್ಷಗಳಲ್ಲಿ ಆ ಪರೀಕ್ಷೆಗೆ ಕೂತವರು 81 ಮಂದಿ! ಕೇಳುವವರಿಲ್ಲದ ಠಸ್ಸೆಯನ್ನು ಯಾರು ಕೊಂಡಾರು? ಕಾರ್ಖಾನೆಗಳಲ್ಲಿ ಯಂತ್ರ ಮಾಡುವವರಿಗೂ ಬಹುಮಟ್ಟಿಗೆ ಈ ಕಟ್ಟಳೆಯಿಂದ ವಿನಾಯಿತಿ ಉಂಟು. ಲೈಸೆನ್ಸು ಬೇಕಾದ ಎಲ್ಲ ಬಗೆಯ ಕಸುಬುಗಳನ್ನೂ ಒಟ್ಟಿಗೆ ಪರಿಶೀಲಿಸಿದ ಮಾರಿಸ್ ಕ್ಲೈನರ್ ಮತ್ತು ಆಲನ್ ಕ್ರೂಗರ್ ಎಂಬ ಅರ್ಥಶಾಸ್ತ್ರಜ್ಞರು 2013ರಲ್ಲಿ, ಅಂಥ ಕಸುಬಿನವರ ಸಂಬಳ ಸುಮಾರು ಶೇಕಡಾ 18ರಷ್ಟು ಹೆಚ್ಚಿರುತ್ತದೆಂದು ಪ್ರಕಟಿಸಿದರು. ಅದೇ, ಪ್ರಮಾಣಪತ್ರ ಇದ್ದರೆ ಒಳ್ಳೆಯದು, ಇಲ್ಲದಿದ್ದರೂ ಕೆಲಸ ಮಾಡಬಹುದು ಎನ್ನುವ ಕಸುಬುಗಳಲ್ಲಿ ಲಾಭ ತೀರ ಕಡಿಮೆ. ನನ್ನ ಅಲ್ಪಮತಿಗೆ ಇದರಿಂದ ಹೊಳೆದದ್ದು: ಹಣ ಬರುವುದು ಕಲಿತ ವಿದ್ಯೆಗಲ್ಲ, ಕಾನೂನು 'ಈ ಸಹಿ ಇಲ್ಲದೆ ಕಲ್ಲು ಏಳಕೂಡದು' ಎಂದು ಹೇಳಿರುವ ಕಡೆಯಲ್ಲಿ ಆ ಸಹಿಗೆ.

ಹಾಗಾದರೆ ಕಾನೂನು ಹಾಗೇಕೆ ಹೇಳಿತು? ಇಂಥ ಮೊದಲ ಕಾನೂನು ಬಂದದ್ದು 1907ರಲ್ಲಿ, ವಯೋಮಿಂಗ್ ರಾಜ್ಯದಲ್ಲಿ. ನೀರಿನ ಹಕ್ಕಿಗಾಗಿ ಬರುತ್ತಿದ್ದ ನಕ್ಷೆಗಳಿಗೆ ವಕೀಲರೂ ನೋಟರಿಗಳೂ ಇಂಜಿನಿಯರೆಂದು ರುಜು ಹಾಕುತ್ತಿದ್ದುದನ್ನು ಕಂಡು ಅಲ್ಲಿಯ ರಾಜ್ಯ ಇಂಜಿನಿಯರು ಬೇಸತ್ತಿದ್ದರು. ಅದು ನಗು ಬರಿಸುವ ಕಥೆ. ಟೆಕ್ಸಾಸಿನ ಕಥೆ ಹಾಗಲ್ಲ.

ಟೆಕ್ಸಾಸಿನ ಪೂರ್ವಭಾಗದಲ್ಲಿ ನ್ಯೂ ಲಂಡನ್ ಎಂಬ ಊರು. ಎಣ್ಣೆಬಾವಿಗಳ ಐಶ್ವರ್ಯದಿಂದ ಕಟ್ಟಿದ ಭವ್ಯವಾದ ಶಾಲೆ. ಎಣ್ಣೆಯೊಡನೆ ಹೊರಬರುವ ಅನಿಲವನ್ನು, ವೃಥಾ ಹೋಗುವುದಲ್ಲವೇ ಎಂದು, ಕೊಳವೆ ಜೋಡಿಸಿ ಶಾಲೆಯನ್ನು ಬೆಚ್ಚಗಿಡಲು ಬಳಸಿಕೊಂಡಿದ್ದರು. ಆ ಅನಿಲಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಅದು ಸೋರಿ ನೆಲದಡಿಯಲ್ಲಿ ತುಂಬಿಕೊಂಡದ್ದು ಯಾರಿಗೂ ತಿಳಿಯಲಿಲ್ಲ. 1937ರ ಮಾರ್ಚ್ 18, ಮಧ್ಯಾಹ್ನ ಮೂರು ಗಂಟೆಯ ಮೇಲೆ, ಶಾಲೆ ಬಿಡುವುದಕ್ಕೆ ಸ್ವಲ್ಪ ಮುಂಚೆ, ಒಂದು ಕಿಡಿ ತಗುಲಿತು. ಸುಮಾರು 300 ಮಂದಿ ಸತ್ತರು, ಬಹುಮಂದಿ ಮಕ್ಕಳು. ಅದೇ ವರ್ಷ ಟೆಕ್ಸಾಸಿನ ಶಾಸನಸಭೆ ಇಂಜಿನಿಯರುಗಳ ಕಾನೂನನ್ನು ಮಾಡಿತು. ಅನಿಲಕ್ಕೆ ಕೆಟ್ಟ ವಾಸನೆಯನ್ನು ಬೆರೆಸಬೇಕೆಂಬ ನಿಯಮವೂ ಆ ದುರಂತದಿಂದಲೇ ಬಂತು. ನಮ್ಮ ಅಡುಗೆಮನೆಯಲ್ಲಿ ಸಿಲಿಂಡರು ಸೋರಿದಾಗ ಮೂಗಿಗೆ ಬಡಿಯುವ ದುರ್ವಾಸನೆ ಅನಿಲದ್ದಲ್ಲ. ನಾವು ಎಚ್ಚರಗೊಳ್ಳಲೆಂದು ಬೇಕೆಂದೇ ಬೆರೆಸಿದ್ದು. ಇದನ್ನು ಓದಿದ ದಿನ ನಾನು ಅಡುಗೆಮನೆಗೆ ಹೋಗಿ ಸುಮ್ಮನೆ ಒಂದು ಗಳಿಗೆ ನಿಂತಿದ್ದೆ. "ಏನು ಬೇಕು?" ಎಂದು ನನ್ನಾಕೆ ಕೇಳಿದಳು. ಏನೂ ಬೇಕಾಗಿರಲಿಲ್ಲ.

ಈ ಕಥೆಯನ್ನು ನಾನು ಭಾವಮೈದುನನಿಗೆ ಹೇಳಿದೆ. ಅವನಿಗೆ ಗೊತ್ತಿತ್ತು. "ಬರೆಯುತ್ತೇನೆ ಭಾವ" ಎಂದ. 2022ರಿಂದ ಪರೀಕ್ಷೆ ಗಣಕಯಂತ್ರದ ಮೇಲೆ ನಡೆಯತೊಡಗಿತ್ತು. ಪೆಟ್ಟಿಗೆ ಎಳೆಯುವಂತಿರಲಿಲ್ಲ, ಅವರೇ ಪರದೆಯ ಮೇಲೆ ಕೊಟ್ಟ ಕೈಪಿಡಿಯೇ ಗತಿ. ಅದೇ ಅವನಿಗೆ ಅನುಕೂಲವಾಯಿತು. ಆ ವರ್ಷ ಪಾಸಾದ.

ಭಾನುವಾರ ಮಾವನವರ ಪ್ರಶ್ನೆ ಮತ್ತೆ ಸಿಂಹಾಸನವನ್ನೇರಿತು. ಪರೀಕ್ಷೆಯ ಶುಲ್ಕವನ್ನು ಕಂಪನಿ ಹಿಂತಿರುಗಿಸಿತ್ತು; ಸಂಬಳ ನೂರಕ್ಕೆ ಐದರಷ್ಟು ಏರಿತ್ತು. "ಐದೇ?" ಎಂದರು ಮಾವನವರು. ನಾಲ್ಕು ವರ್ಷದ ತಪಸ್ಸಿಗೆ ದೇವರು ಪ್ರತ್ಯಕ್ಷನಾಗಿ ಬಾಳೆಹಣ್ಣು ಕೊಟ್ಟಂತಾಗಿತ್ತು ಅವರಿಗೆ.

2023ರಲ್ಲಿ, ಭಾನುವಾರವಲ್ಲದ ಒಂದು ದಿನ, ಬೆಳಗಿನ ಆರೂವರೆಗೆ ಕರೆ ಬಂತು. ಹೊತ್ತಲ್ಲದ ಹೊತ್ತಿನಲ್ಲಿ ಬರುವ ಕರೆಗೆ ನಮ್ಮಲ್ಲಿ ಎಲ್ಲರೂ ಹೆದರುತ್ತೇವೆ. ಅವನ ಮುಖ ಬಾಡಿತ್ತು. ಒಂದು ಶಾಲೆಯ ಆವರಣದ ಹಿಂದೆ ಮಣ್ಣು ಕುಸಿಯದಂತೆ ತಡೆಗೋಡೆ. ನಕ್ಷೆ ಮಾಡಿದವರು ಕಂಪನಿಯ ಬೇರೊಂದು ಊರಿನ ಕಚೇರಿಯವರು. ಅಲ್ಲಿಯ ಲೈಸೆನ್ಸುದಾರ ಕೆಲಸ ಬಿಟ್ಟುಹೋಗಿದ್ದ. ಶುಕ್ರವಾರದೊಳಗೆ ನಕ್ಷೆ ಹೋಗಬೇಕು. ನೀನು ಠಸ್ಸೆ ಒತ್ತಿಬಿಡು ಎಂದು ಮೇಲಿನವರು ಹೇಳಿದ್ದರು. ತಾನು ಮಾಡದ, ತನ್ನ ಉಸ್ತುವಾರಿಯಲ್ಲಿ ನಡೆಯದ ಕೆಲಸಕ್ಕೆ ಠಸ್ಸೆ ಒತ್ತುವುದು ಆ ಕಾನೂನಿಗೆ ವಿರುದ್ಧ. ಒತ್ತಿದವನ ಗತಿ ಏನೆಂಬುದಕ್ಕೆ ಅವರೆಲ್ಲ ಬಲ್ಲ ಒಂದು ಉದಾಹರಣೆ ಇದೆ. 1981ರ ಜುಲೈ 17ರಂದು ಕ್ಯಾನ್ಸಸ್ ಸಿಟಿಯ ಹಯಾತ್ ರೀಜೆನ್ಸಿ ಹೋಟೆಲಿನಲ್ಲಿ ತೂಗುಹಾಕಿದ್ದ ಕಾಲುದಾರಿಗಳು ಕಳಚಿ ಬಿದ್ದು 114 ಜನ ಸತ್ತರು. ಕಾರ್ಖಾನೆಯ ನಕ್ಷೆಯಲ್ಲಿ ಕಂಬಿಗಳ ಜೋಡಣೆ ಬದಲಾಗಿದ್ದುದನ್ನು ಲೆಕ್ಕ ಹಾಕಿ ನೋಡದೆಯೇ ಆ ನಕ್ಷೆಗೆ ಒಪ್ಪಿಗೆಯ ಮುದ್ರೆ ಬಿದ್ದಿತ್ತು. ಹೊಣೆಗಾರರಾದ ಇಂಜಿನಿಯರುಗಳ ಲೈಸೆನ್ಸನ್ನು ಮಿಸ್ಸೂರಿ ರಾಜ್ಯ ಕಿತ್ತುಕೊಂಡಿತು.

ಆದರೆ ಒತ್ತುವುದಿಲ್ಲವೆಂದರೆ? ಅವನು ಅಲ್ಲಿರುವುದು ಉದ್ಯೋಗದ ವೀಸಾದ ಮೇಲೆ. ಕೆಲಸ ಹೋದರೆ ಇನ್ನೊಂದನ್ನು ಹುಡುಕಿಕೊಳ್ಳಲು ಹೆಚ್ಚೆಂದರೆ 60 ದಿನ. ಹೆಂಡತಿಗೆ ಏಳು ತಿಂಗಳು.

ಅತ್ತೆಯವರು ದೇವರ ಕಡೆ ನೋಡಿದರು. ನಾನು ಮಾವನವರ ಕಡೆ ನೋಡಿದೆ. ಅವರು ಕೇಳಿದ್ದು ಸಂಬಳದ ಮಾತಲ್ಲ.

"ಗೋಡೆ ಎಷ್ಟು ಎತ್ತರ?"

"ಹದಿನಾಲ್ಕು ಅಡಿ, ಅಪ್ಪ."

"ಹಿಂದೆ ತುಂಬುವುದು ಏನು? ಜೇಡಿಯೋ, ಮರಳುಮಣ್ಣೋ?"

"ಜೇಡಿ. ನೀರು ಕುಡಿದರೆ ಉಬ್ಬುತ್ತದೆ."

"ನೀರು ಹೋಗಲಿಕ್ಕೆ ಕಿಂಡಿ ಬಿಟ್ಟಿದ್ದಾರೆಯೇ? ಹಿಂದೆ ಜಲ್ಲಿ ಇದೆಯೇ?"

ಹೀಗೆ ತಂದೆ ಮಗ ನಲವತ್ತು ನಿಮಿಷ ಮಾತಾಡಿದರು. ನನಗೆ ಅರ್ಥವಾದದ್ದು ನಾಲ್ಕಾಣೆಯಷ್ಟು. ಆದರೆ ಒಂದು ಮಾತು ನಿಜ: ಅವನು ಅಮೆರಿಕಕ್ಕೆ ಹೋದ ಮೇಲೆ ಅವರಿಬ್ಬರೂ ಅಷ್ಟು ಹೊತ್ತು ಮಾತಾಡಿದ್ದನ್ನು ನಾನು ಕಂಡಿರಲಿಲ್ಲ. ಕೊನೆಗೆ ಮಾವನವರು, "ಲೆಕ್ಕ ನೋಡದೆ ಒತ್ತಬೇಡ. ಎರಡು ವಾರ ಕೊಡಿ ಎಂದು ಕೇಳು. ಕೊಡದಿದ್ದರೆ ಇಲ್ಲಿ ಮನೆ ಇದೆ" ಎಂದು ಹೇಳಿ ಎದ್ದು ಹಿತ್ತಿಲಿಗೆ ಹೋದರು.

ನನ್ನಾಕೆ ಆ ರಾತ್ರಿ ನನಗೊಂದು ಹಳೆಯ ಕಥೆ ಹೇಳಿದಳು. ಅವಳು ಐದನೆಯ ತರಗತಿಯಲ್ಲಿದ್ದಾಗ, ನಡೆಯದ ಕೆಲಸವನ್ನು ಅಳತೆ ಪುಸ್ತಕದಲ್ಲಿ ನಡೆದಿದೆಯೆಂದು ಬರೆಯಲು ಮಾವನವರು ಒಪ್ಪಲಿಲ್ಲವಂತೆ. ತಿಂಗಳೊಳಗೆ ಎತ್ತಂಗಡಿಯಾಯಿತು. ಎರಡು ವರ್ಷದಲ್ಲಿ ಮೂರು ಊರು, ಮೂರು ಶಾಲೆ. ನಮ್ಮ ದೇಶದಲ್ಲಿ ವಕೀಲರಿಗೆ 1961ರ ಕಾಯಿದೆ ಇದೆ, ವಾಸ್ತುಶಿಲ್ಪಿಗಳಿಗೆ 1972ರ ಕಾಯಿದೆ ಇದೆ. ಇಂಜಿನಿಯರಿಗೆ ಅಂಥದೊಂದು ಇಲ್ಲ. ಸರ್ಕಾರದಲ್ಲಿ ಹುದ್ದೆಯೇ ಅವನ ಠಸ್ಸೆ. ಹುದ್ದೆಯನ್ನು ಬೇರೆಯವರ ಕೈಗೆ ಕೊಟ್ಟರೆ ಠಸ್ಸೆಯೂ ಅವರ ಕೈಗೇ ಹೋಗುತ್ತದೆ. "ಅಪ್ಪನ ಜಾಗಕ್ಕೆ ಬಂದವರು ರುಜು ಹಾಕಿದರಂತೆ" ಎಂದು ಅವಳು ದೀಪ ಆರಿಸಿದಳು.

ಕಂಪನಿಯವರು ಎರಡು ವಾರ ಕೊಟ್ಟರು, ಗೊಣಗುತ್ತ. ಇವನು ಮೊದಲಿಂದ ಲೆಕ್ಕ ಹಾಕಿದ. ಗೋಡೆಯ ಕಬ್ಬಿಣವೆಲ್ಲ ಸರಿಯಾಗಿಯೇ ಇತ್ತು. ನೀರು ಹೊರಹೋಗುವ ಏರ್ಪಾಡು ಮಾತ್ರ ಸಾಲದಾಗಿತ್ತು. ತಿದ್ದಿ, ತಿದ್ದಿಸಿ, ಠಸ್ಸೆ ಒತ್ತಿದ. ಆ ವರ್ಷದ ವೇತನ ಬಡ್ತಿಯಲ್ಲಿ ಅವನ ಪಾಲಿಗೆ ಬಂದದ್ದು ನೂರಕ್ಕೆ ಎರಡು. 'ತಂಡದೊಡನೆ ಹೊಂದಿಕೊಳ್ಳುವ ಗುಣ ಬೆಳೆಯಬೇಕು' ಎಂದು ವರದಿಯಲ್ಲಿ ಬರೆದಿದ್ದರಂತೆ.

ಮರುವರ್ಷ ಬೇರೆಯ ಕಂಪನಿಯೊಂದು ಕರೆಯಿತು. ಅದರ ಜಾಹೀರಾತಿನಲ್ಲಿ ಪಿ.ಇ. ಲೈಸೆನ್ಸು ಕಡ್ಡಾಯವೆಂದಿತ್ತು. ಅಲ್ಲಿ ಸಂಬಳ ಒಂದೇ ನೆಗೆತಕ್ಕೆ ನೂರಕ್ಕೆ ಇಪ್ಪತ್ತೆರಡು ಹೆಚ್ಚಾಯಿತು. ಇದನ್ನು ಯಾವ ಖಾತೆಗೆ ಬರೆಯುವುದು? ಠಸ್ಸೆ ಇಲ್ಲದಿದ್ದರೆ ಅವನ ಅರ್ಜಿ ಮೇಜನ್ನು ಮುಟ್ಟುತ್ತಿರಲಿಲ್ಲ, ನಿಜ. ಆದರೆ ಹಳೆಯ ಕಂಪನಿಯಲ್ಲೇ ಕೂತಿದ್ದರೆ ಅದೇ ಠಸ್ಸೆ ಅವನಿಗೆ ಬಾಳೆಹಣ್ಣನ್ನೇ ಕೊಡುತ್ತಿತ್ತು.

ಕಳೆದ ಡಿಸೆಂಬರಿನಲ್ಲಿ ಅವನು ಹೆಂಡತಿ ಮಗುವಿನೊಡನೆ ಊರಿಗೆ ಬಂದ. ಎರಡನೆಯ ದಿನ ಮಾವನವರು, "ಅದೇನೋ ಠಸ್ಸೆ ಎನ್ನುತ್ತೀಯಲ್ಲ, ತಂದಿದ್ದೀಯಾ?" ಎಂದರು. ಈಗ ಮುದ್ರೆಯೆಲ್ಲ ಹೆಚ್ಚಾಗಿ ಗಣಕಯಂತ್ರದಲ್ಲಿಯೇ ಬೀಳುತ್ತದಂತೆ. ಆದರೂ ತಂದೆ ಕೇಳಿಯೇ ಕೇಳುತ್ತಾರೆಂದು ರಬ್ಬರಿನದೊಂದನ್ನು ಪೆಟ್ಟಿಗೆಯಲ್ಲಿ ಇಟ್ಟುಕೊಂಡು ಬಂದಿದ್ದ. ಬಿಲ್ಲೆಯಷ್ಟು ದುಂಡಗೆ, ನಡುವೆ ಐದು ಮೂಲೆಯ ಟೆಕ್ಸಾಸಿನ ನಕ್ಷತ್ರ. ಮಾವನವರು ನನ್ನ ಮೇಜಿನಿಂದ ಒಂದು ಹಾಳೆಯನ್ನೂ ಶಾಯಿಯ ಡಬ್ಬಿಯನ್ನೂ ತಂದು, "ಎಲ್ಲಿ, ಒತ್ತು" ಎಂದರು.

ಅವನು ಕೈ ಹಿಂತೆಗೆದ. "ಖಾಲಿ ಕಾಗದದ ಮೇಲೆ ಬೇಡ ಅಪ್ಪ."

ಮಾವನವರು ಅವನ ಮುಖವನ್ನೇ ಸ್ವಲ್ಪ ಹೊತ್ತು ನೋಡಿದರು. ಹಾಳೆಯನ್ನು ಮಡಿಸಿ ನನ್ನ ಕೈಗೆ ಕೊಟ್ಟರು. ಠಸ್ಸೆಯನ್ನು ಎತ್ತಿಕೊಂಡು, ಕೈ ತೊಳೆಯುವ ಕಡೆ ಗೋಡೆಗೆ ತೂಗುಹಾಕಿರುವ ಕನ್ನಡಿಯ ಮುಂದೆ ಹೋಗಿ ಹಿಡಿದರು. ತಲೆಕೆಳಗಾಗಿದ್ದ ಅಕ್ಷರಗಳು ಕನ್ನಡಿಯಲ್ಲಿ ನೆಟ್ಟಗಾದವು. ಅಲ್ಲಿಯ ಪದ್ಧತಿಗೆ ಒಂದು ಕೊನೆಯ ಹೆಸರು ಬೇಕಷ್ಟೆ. ನಮ್ಮ ಕಡೆಯ ಎಷ್ಟೋ ಹುಡುಗರಂತೆ ಇವನೂ ತಂದೆಯ ಹೆಸರನ್ನೇ ಕೊಟ್ಟುಬಿಟ್ಟಿದ್ದ. ನಕ್ಷತ್ರದ ಸುತ್ತ ಮಗನ ಹೆಸರಿನ ಬೆನ್ನಿಗೆ ತಮ್ಮ ಹೆಸರು ಇದ್ದುದನ್ನು ಮಾವನವರು ಒಂದೊಂದೇ ಅಕ್ಷರ ಬಿಡಿಸಿ ಓದಿದರು. ಕನ್ನಡಕ ತೆಗೆದು ಪಂಚೆಯ ಅಂಚಿನಿಂದ ಒರಸಿ, ಮತ್ತೊಮ್ಮೆ ಓದಿದರು.

"ಇದನ್ನು ವರ್ಷ ವರ್ಷ ನವೀಕರಿಸಬೇಕೋ?"

"ಹೌದು. ವರ್ಷಕ್ಕೆ ಹದಿನೈದು ಗಂಟೆ ಪಾಠವನ್ನೂ ಕೇಳಬೇಕು."

"ಶುಲ್ಕ ಯಾರು ಕಟ್ಟುತ್ತಾರೆ? ನೀನೋ, ಕಂಪನಿಯೋ?"

"ಕಂಪನಿ, ಅಪ್ಪ."

"ಹಾಗಾದರೆ ಸರಿ" ಎಂದು ಠಸ್ಸೆಯನ್ನು ಅವನ ಕೈಗಿಟ್ಟು, ಮಾವನವರು ಕಾಫಿ ಕೇಳಿದರು.